ದೇವದಾಸನನ್ನು ಕಂಡರೆ ನನಗೆ ಯಾಕೆ ಆಗುವುದಿಲ್ಲ

‘ದೇವದಾಸ್ ಇಷ್ಟವಾಗದವರು ಯಾರಾದರೂ ಇದ್ದೀರಾ? ಯಾಕೆ?’ ಎಂದು ಕೇಳಿದ್ದೀರಿ.

ನಾನಿದ್ದೇನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವಳು. ಶರತ್‌ಚಂದ್ರರ ಬಂಗಾಳಿ ಕಾದಂಬರಿ ‘ದೇವದಾಸ್’ ಅನ್ನು ಕನ್ನಡದಲ್ಲಿ ಓದಿದ್ದು ಪ್ಲಸ್ ಟುವಿನಲ್ಲಿದ್ದಾಗ, ಚಿಕ್ಕಮ್ಮನ ಕಪಾಟಿನಿಂದ ಎತ್ತಿಕೊಂಡು.

ಶುರುವಿನಲ್ಲಿ ತುಂಬಾ ಇಷ್ಟವಾಗಿತ್ತು. ಪಾರ್ವತಿ ನಡುರಾತ್ರಿ ಒಬ್ಬಳೇ ದೇವದಾಸನ ಕೋಣೆಗೆ ಹೋಗುತ್ತಾಳೆ. ಯಾರಾದರೂ ಕಂಡರೆ ಮಾನ ಹೋಯಿತು ಅಂತ ಗೊತ್ತಿದ್ದೂ ಹೋಗುತ್ತಾಳೆ. ಪುಸ್ತಕ ಅಚ್ಚಾದದ್ದು 1917ರಲ್ಲಿ, ನೆನಪಿರಲಿ. ಇವನೋ, ಮನೆಯಲ್ಲಿ ಒಪ್ಪುವುದಿಲ್ಲ ಅಂತ ಕಲ್ಕತ್ತಕ್ಕೆ ಹೋಗಿ ಒಂದು ಪತ್ರ ಬರೆದು ಕೈ ತೊಳೆದುಕೊಳ್ಳುತ್ತಾನೆ. ಆಮೇಲೆ ಮನಸ್ಸು ತಡೆಯದೆ ವಾಪಸ್ಸು ಬರುತ್ತಾನೆ. ಅಷ್ಟರಲ್ಲಿ ಅವಳಿಗೆ ಬೇರೆ ಸಂಬಂಧ ಕುದುರಿದೆ. ನಿನಗೆ ಮಾತ್ರವಾ ಅಪ್ಪ ಅಮ್ಮ ಇರುವುದು ಎನ್ನುವ ಹಾಗೆ ಅವಳು ತಿರುಗಿ ಮಾತಾಡಿದ್ದಕ್ಕೆ ಗಾಳದ ಕೋಲಿನಿಂದ ಹಣೆಗೆ ಬಾರಿಸುತ್ತಾನೆ. ಆ ಪುಟದಲ್ಲೇ ನನಗೆ ಅವನು ಸತ್ತ. ಉಳಿದದ್ದನ್ನು ಸುಮ್ನೆ ಓದಿ ಮುಗಿಸಿದೆ.

2002ರ ಬನ್ಸಾಲಿ ಸಿನಿಮಾದಲ್ಲಿ ಕೋಲಿನ ಬದಲು ಕೊರಳ ಹಾರ. ಪೆಟ್ಟಿಗೂ ಒಂದು ಶೃಂಗಾರ! ಕಾದಂಬರಿಯಲ್ಲಿ ಮುಖಾಮುಖಿಯೇ ಆಗದ ಪಾರೋ (ಅದೇ ಪಾರ್ವತಿ), ದೇವದಾಸನನ್ನು ಪ್ರೀತಿಸುವ ನರ್ತಕಿ ಚಂದ್ರಮುಖಿ ಅಲ್ಲಿ ಜೊತೆಗೆ ಕುಣಿಯುತ್ತಾರೆ. (ಕುಣಿತ ಚೆನ್ನಾಗಿದೆ, ಸುಳ್ಳು ಹೇಳಬಾರದು.) ಅದೇ ಕಥೆಯನ್ನು ಈ ಕಾಲಕ್ಕೆ ತಂದ 2009ರ ಸಿನಿಮಾ ‘ದೇವ್ ಡಿ’ ಸ್ವಲ್ಪ ವಾಸಿ. ಅಲ್ಲಿನ ಪಾರೋ ಅವನ ಮುಖಕ್ಕೇ ಹೇಳಬೇಕಾದ್ದು ಹೇಳಿ ತನ್ನ ಪಾಡಿಗೆ ಹೋಗುತ್ತಾಳೆ. ಆದರೆ ಕುಡಿದು ಕಾರು ಓಡಿಸಿ ಜನರನ್ನು ಕೊಂದವನಿಗೆ ಕೊನೆಗೆ ಹೊಸ ಬಾಳು. ಸತ್ತವರ ಮನೆಯವರ ಸುದ್ದಿ ಯಾರಿಗೆ ಬೇಕು, ಅಲ್ವಾ?

ನಮ್ಮ ನೆರೆಕರೆಯಲ್ಲೂ ಒಬ್ಬರಿದ್ದರು. ಹಳೆಯ ಪ್ರೀತಿ ಕೈತಪ್ಪಿದ್ದಕ್ಕೆ ಕುಡಿತವಂತೆ. ‘ಪಾಪ, ದೇವದಾಸ’ ಅಂತ ಕರೆದು ಚಾ ಕುಡಿಸುವವರಿಗೆ ಬರಗಾಲವಿರಲಿಲ್ಲ. ಅವರ ಹೆಂಡತಿ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ಮೂರು ಮಕ್ಕಳನ್ನು ಸಾಕಿದರು. ಆ ಅಕ್ಕನಿಗೆ ಯಾರೂ ಪಾಪ ಅಂದದ್ದು ನಾನು ಕೇಳಿಲ್ಲ. ಶಾರುಖ್ ಬಾಟಲಿ ಎತ್ತಿದಾಗೆಲ್ಲ ನನಗೆ ಕಣ್ಣಿಗೆ ಕಟ್ಟುವುದು ಅವರ ಮಡಿಲಿನ ಮೊರ.

ಪ್ರೇಮದ ಸಂಕಟವೇ ಬೇಡ ಅಂತಲ್ಲ. ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಆಟ ನೋಡುತ್ತ ಬೆಳೆದವಳು ನಾನು. ‘ಭೀಷ್ಮ ವಿಜಯ’ ಪ್ರಸಂಗದ ಅಂಬೆಯನ್ನು ಸಾಲ್ವನೂ ಬೇಡವೆನ್ನುತ್ತಾನೆ, ಭೀಷ್ಮನೂ ಬೇಡವೆನ್ನುತ್ತಾನೆ. ಅವಳು ಹೋಗಿ ಪರಶುರಾಮನನ್ನೇ ಕರೆತರುತ್ತಾಳೆ. ಬೆಳಗಿನ ಜಾವ ಅಂಬೆ ಭೀಷ್ಮನೆದುರು ನಿಂತು ಸವಾಲು ಹಾಕುವಾಗ, ತೂಕಡಿಸುತ್ತಿದ್ದ ನನ್ನ ಅಜ್ಜಿ ಎದ್ದು ಕೂತು ‘ಬಿಡೆಡ (ಬಿಡಬೇಡ) ಮಗಳೇ, ಕೇಳು!’ ಅನ್ನುತ್ತಿದ್ದರು.

ಅದೇ ಅಜ್ಜಿಗೆ ಒಂದು ಸಲ ಟಿವಿಯಲ್ಲಿ ದೇವದಾಸ್ ತೋರಿಸಿದೆವು. ಅರ್ಧ ಗಂಟೆ ನೋಡಿದರು. ‘ಇವಂಗೆ ಬೇರೆ ಕೆಲಸ ಇಲ್ಲೆಯೋ?’ ಎಂದು ಕೇಳಿ, ಅಂಗಳದ ಅಡಿಕೆ ಮಗುಚಲು ಹೋದರು.