ಲಿನಕ್ಸ್‌ನಲ್ಲಿ ವೈರ್‌ಲೆಸ್ ಕೀಬೋರ್ಡಿನ ಎಫ್‌ಎನ್ ಸೆಟ್ಟಿಂಗ್ ನಿಲ್ಲುತ್ತಿಲ್ಲ: ಡಿಸ್ಟ್ರೋ ಬದಲಿಸಲಾ, ಕೀಬೋರ್ಡ್ ಬದಲಿಸಲಾ?

ಎರಡೂ ಬೇಡ.

ಮಿಂಟ್ ಎಂಬ ಡಿಸ್ಟ್ರೋ (ಲಿನಕ್ಸ್‌ನ ಒಂದು ಬಗೆ) ಇದೆ, ಲಾಜಿಟೆಕ್ ವೈರ್‌ಲೆಸ್ ಕೀಬೋರ್ಡ್ ಇದೆ, ಅಕ್ಷರಗಳೆಲ್ಲ ಸರಿಯಾಗಿ ಬರುತ್ತವೆ. ಆದರೆ ಎಫ್1, ಎಫ್2 ತರಹದ ಕೀ ಒತ್ತಿದರೆ ವಾಲ್ಯೂಮು, ಹಾಡು ಅಂತ ಬೇರೇನೋ ಆಗುತ್ತದೆ. ಲಾಜಿಟೆಕ್ ಕೀಬೋರ್ಡ್ ಹೊಂದಿಸುವ ಸೊಲಾರ್ ಎಂಬ ತಂತ್ರಾಂಶದಲ್ಲಿ ಸರಿ ಮಾಡಿದರೂ ಮರುದಿನ ಮತ್ತೆ ಮೊದಲಿನ ಹಾಗೇ. ಇದೇ ಅಲ್ವಾ ನಿಮ್ಮ ಗೋಳು? ಓದುತ್ತಾ ನಗು ಬಂತು, ತಪ್ಪು ತಿಳಿಯಬೇಡಿ. ಇದು ನನ್ನದೇ ಹಳೆಯ ಪ್ರಶ್ನೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಕನ್ನಡ ಟೈಪಿಂಗ್, ಜೊತೆಗೆ ಅಡತಿ ಅಂಗಡಿಯವರ ಲೆಕ್ಕ. ಹಳೆಯ ಮಷೀನಿನಲ್ಲಿ ವಿಂಡೋಸ್ ತೆವಳುತ್ತಿತ್ತು ಅಂತ ಮಿಂಟ್ ಹಾಕಿಕೊಂಡೆ. ಕೌಂಟರ್ ಮೇಲೆ ಗಿರಾಕಿಗಳ ಕಾಗದ, ಚಹಾದ ಕಪ್ಪು, ಸ್ಟಾಂಪ್ ಪ್ಯಾಡು ಎಲ್ಲ ಇರುತ್ತದೆ, ವೈರ್ ಕಾಟ ಬೇಡ ಅಂತ ಈ ಕೀಬೋರ್ಡ್ ತಂದೆ. ಕ್ಯಾಲ್ಕ್‌ನಲ್ಲಿ (ಎಕ್ಸೆಲ್ ಹಾಗಿನದು) ಲೆಕ್ಕ ಮಾಡುವವನಿಗೆ ಎಫ್2 ಇಲ್ಲದಿದ್ದರೆ ಕೈ ಓಡುವುದಿಲ್ಲ. ಸೆಲ್ ಒಳಗೆ ಹೋಗಿ ತಿದ್ದಬೇಕೆಂದರೆ ಎಫ್2, ಸೂತ್ರದಲ್ಲಿ ಡಾಲರ್ ಗುರುತು ಕೂರಿಸಬೇಕೆಂದರೆ ಎಫ್4. ಎರಡಕ್ಕೂ ಎಫ್‌ಎನ್ ಹಿಡಿದುಕೊಂಡೇ ಒತ್ತಬೇಕು ಅಂದರೆ ಸಂಜೆಯ ಹೊತ್ತಿಗೆ ಬೆರಳು ನೋವು.

ಹುಡುಕಿದಾಗ ಸೊಲಾರ್ ಸಿಕ್ಕಿತು. ನೀವು ಹುಡುಕುವಾಗ ಇಂಗ್ಲಿಷಿನಲ್ಲಿ ಎರಡು 'ಎ' ಹಾಕಿ, ಒಂದೇ ಹಾಕಿದರೆ ಮನೆ ಮೇಲಿನ ಬಿಸಿನೀರಿನ ಪ್ಯಾನೆಲ್ ಬರುತ್ತದೆ. ಇನ್‌ಸ್ಟಾಲ್ ಮಾಡಿ ತೆರೆದೆ. ಒಂದು ಸಂದೇಶ ಬಂತು: ರಿಸೀವರ್ (ಯುಎಸ್‌ಬಿಗೆ ಚುಚ್ಚುವ ಡಾಂಗಲ್) ಕಂಡಿದೆ, ಆದರೆ ಅದನ್ನು ತೆರೆಯಲು ಅನುಮತಿ ಇಲ್ಲ, ಈಗಷ್ಟೇ ಸೊಲಾರ್ ಹಾಕಿದ್ದರೆ ರಿಸೀವರ್ ಕಿತ್ತು ಮತ್ತೆ ಚುಚ್ಚಿ ನೋಡಿ. ನಾನು 'ಅನುಮತಿ ಇಲ್ಲ' ಅನ್ನುವವರೆಗೆ ಮಾತ್ರ ಓದಿದೆ. ಲಿನಕ್ಸ್‌ನಲ್ಲಿ ಅನುಮತಿ ಇಲ್ಲ ಅಂದರೆ ಸುಡೊ (ರೂಟ್ ಎಂಬ ಯಜಮಾನ ಖಾತೆಯ ಅಧಿಕಾರದಲ್ಲಿ ಓಡಿಸುವ ಆಜ್ಞೆ), ಅಷ್ಟೇ ತಾನೆ? ಟರ್ಮಿನಲ್ ತೆರೆದು ಸುಡೊ ಹಾಕಿ ಸೊಲಾರ್ ಓಡಿಸಿದೆ. ಜುಮ್ಮಂತ ತೆರೆಯಿತು. ಎಫ್‌ಎನ್ ಅದಲುಬದಲು ಮಾಡುವ ಸ್ವಿಚ್ ಒತ್ತಿದೆ, ಎಫ್2 ಎಫ್2 ಆಯಿತು. ಖುಷಿಯಲ್ಲಿ ಸುಡೊ ಸಮೇತ ಡೆಸ್ಕ್‌ಟಾಪ್ ಮೇಲೆ ಒಂದು ಲಾಂಚರ್ ಕೂಡ ಮಾಡಿಟ್ಟುಕೊಂಡೆ.

ನನ್ನ ದುಡ್ಡು, ನೆಮ್ಮದಿ ಎರಡನ್ನೂ ತಿಂದದ್ದು ಈ ಸುಡೊ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನೀವೂ ಇಲ್ಲೇ ಸಿಕ್ಕಿಬಿದ್ದಿದ್ದೀರಿ ಅಂತ ನನ್ನ ಗುಮಾನಿ.

ಎಫ್‌ಎನ್ ಕೀ ಒತ್ತಿದ್ದು ಸಾಮಾನ್ಯವಾಗಿ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಎಫ್2 ಕಳಿಸಬೇಕೋ ಹಾಡು ನಿಲ್ಲಿಸುವ ಸಂಕೇತ ಕಳಿಸಬೇಕೋ ಅನ್ನುವುದನ್ನು ಕೀಬೋರ್ಡ್ ತನ್ನೊಳಗೇ ತೀರ್ಮಾನಿಸುತ್ತದೆ. ಅದನ್ನು ತಿರುಗಿಸಬೇಕೆಂದರೆ ಎಚ್‌ಐಡಿ ಪ್ಲಸ್ ಪ್ಲಸ್ ಎಂಬ ಲಾಜಿಟೆಕ್‌ನ ಸ್ವಂತ ಭಾಷೆಯಲ್ಲಿ ಕೀಬೋರ್ಡಿಗೆ ಹೇಳಬೇಕು. ವಿಂಡೋಸ್, ಮ್ಯಾಕ್‌ನಲ್ಲಿ ಕಂಪನಿಯ ತಂತ್ರಾಂಶ ಹೇಳುತ್ತದೆ. ಲಿನಕ್ಸ್‌ನಲ್ಲಿ ಆ ಕೆಲಸ ಸೊಲಾರ್‌ದು. ಆದರೆ ಇಂಥ ಎಷ್ಟೋ ಸೆಟ್ಟಿಂಗುಗಳನ್ನು ಕೀಬೋರ್ಡ್ ನೆನಪಿಟ್ಟುಕೊಳ್ಳುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಮರೆತುಬಿಡುತ್ತದೆ. ಅದಕ್ಕೇ ಸೊಲಾರ್ ನೀವು ಆರಿಸಿದ್ದನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಹಿನ್ನೆಲೆಯಲ್ಲಿ ಓಡುತ್ತಾ, ಕೀಬೋರ್ಡ್ ಎದ್ದಾಗಲೆಲ್ಲ ಮತ್ತೆ ಕಿವಿಯಲ್ಲಿ ಹೇಳುತ್ತದೆ.

ಆ ಫೈಲ್ ಇರುವುದು ಸೊಲಾರ್ ಓಡಿಸಿದವನ ಹೋಮ್ ಫೋಲ್ಡರಿನಲ್ಲಿ. ನಾನು ಸುಡೊ ಹಾಕಿದ್ದೆನಲ್ಲ, ನನ್ನ ಸೆಟ್ಟಿಂಗೆಲ್ಲ ರೂಟ್‌ನ ಫೋಲ್ಡರಿಗೆ ಹೋಗಿ ಕೂತಿತ್ತು. ಬೆಳಿಗ್ಗೆ ಲಾಗಿನ್ ಆದಾಗ ತಾನಾಗಿ ಶುರುವಾಗುತ್ತಿದ್ದದ್ದು ನನ್ನ ಹೆಸರಿನ ಸೊಲಾರ್. ಅದರ ಫೈಲಿನಲ್ಲಿ ನಾನು ಮಾಡಿದ ಬದಲಾವಣೆ ಇಲ್ಲವೇ ಇಲ್ಲ. ಅದು ಏನು ತಾನೇ ಹೇಳೀತು ಕೀಬೋರ್ಡಿಗೆ?

ನನಗೆ ಇದ್ಯಾವುದೂ ತಿಳಿಯದು. ರಾತ್ರಿ ಬ್ಯಾಟರಿ ಶೆಲ್ ಉಳಿಯಲಿ ಅಂತ ಕೀಬೋರ್ಡ್ ಆಫ್ ಮಾಡುವುದು, ಬೆಳಿಗ್ಗೆ ನೋಡಿದರೆ ಎಫ್2 ಮಾಯ. ಶೆಲ್ ವೀಕ್ ಆಗಿ ಮರೆಯುತ್ತಿದೆ ಅಂತ ಹೊಸ ಶೆಲ್ ತಂದೆ. ಮತ್ತೆ ತಂದೆ. ಅಂಗಡಿಯವನು "ಏನ್ರಿ ಸರ, ಶೆಲ್ ತಿಂತೀರೇನ್ರಿ?" ಅಂದ. ಆಮೇಲೆ ನಿಮ್ಮ ಹಾಗೇ ಡಿಸ್ಟ್ರೋ ಮೇಲೆ ಅನುಮಾನ. ಬೇಸಿಗೆಯಲ್ಲಿ, ಕರೆಂಟ್ ಹೋಗಿ ಬಂದು ಮಾಡುತ್ತಿದ್ದ ಒಂದು ಮಧ್ಯಾಹ್ನ, ಮಿಂಟ್ ಒರೆಸಿ ಬೇರೆಯದು ಹಾಕಿದೆ. ಕನ್ನಡ ಕೀಲಿಮಣೆ, ಪ್ರಿಂಟರ್, ಸ್ಕ್ಯಾನರ್ ಎಲ್ಲ ಮೊದಲಿಂದ ಹೊಂದಿಸಬೇಕಾಯಿತು. ಅಲ್ಲಿಯೂ ಅದೇ ಸುಡೊ, ಅದೇ ಗೋಳು. ಕೊನೆಗೆ ಸಿಟ್ಟಿಗೆ ಬ್ಲೂಟೂತ್ ಕೀಬೋರ್ಡ್ ಒಂದನ್ನು ಕೊಂಡು, ಇದನ್ನು ಬೀದರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗನಿಗೆ ಕೊಟ್ಟೆ.

ಅವನ ಲ್ಯಾಪ್‌ಟಾಪಿನಲ್ಲೂ ಮಿಂಟೇ. ಹಬ್ಬಕ್ಕೆ ಬಂದಾಗ ನೋಡುತ್ತೇನೆ, ಎಫ್2 ಕೀಲಿ ಕೊಟ್ಟ ಹಾಗೆ ಕೆಲಸ ಮಾಡುತ್ತಿದೆ. ಏನು ಮಾಡಿದಿ ಅಂದರೆ "ಏನೂ ಇಲ್ಲ ಮಾಮಾ, ಸೊಲಾರ್ ಹಾಕೀನಿ, ಸ್ವಿಚ್ ಒತ್ತೀನಿ" ಅಂದ. ಸುಡೊ? "ಸುಡೊ ಯಾಕ್ ಬೇಕು ಮಾಮಾ?"

ಅವನು ರಿಸೀವರನ್ನು ದಿನಾ ಕಿತ್ತು ಚುಚ್ಚುವವನು. ಸೊಲಾರ್ ಜೊತೆಗೆ, ಚುಚ್ಚಿದ ಸಾಧನಗಳನ್ನು ನೋಡಿಕೊಳ್ಳುವ ಯುಡೆವ್‌ನ ಒಂದು ನಿಯಮದ ಫೈಲ್ ಬರುತ್ತದೆ: ಈ ರಿಸೀವರನ್ನು ತೆರೆಯಲು, ಮಷೀನ್ ಮುಂದೆ ಲಾಗಿನ್ ಆಗಿ ಕೂತವನಿಗೆ ಅನುಮತಿ ಕೊಡು ಅಂತ. ಸಾಮಾನ್ಯವಾಗಿ ಈ ನಿಯಮ ಜಾರಿಯಾಗುವುದು ರಿಸೀವರ್ ಹೊಸದಾಗಿ ಕಾಣಿಸಿಕೊಂಡಾಗ. ಮೊದಲೇ ಚುಚ್ಚಿದ್ದ ನನ್ನ ರಿಸೀವರಿಗೆ ಅದು ಆ ಕ್ಷಣಕ್ಕೆ ತಾಗಿರಲಿಲ್ಲ. ಕಿತ್ತು ಚುಚ್ಚಿದ್ದರೆ ಮುಗಿಯುತ್ತಿತ್ತು. ಬೇಜಾರಿನ ಸಂಗತಿ ಏನೆಂದರೆ, ಮಷೀನ್ ರೀಸ್ಟಾರ್ಟ್ ಆದರೂ ನಿಯಮ ತಾಗುತ್ತದೆ. ಅಂದರೆ ಮಾರನೇ ದಿನದಿಂದಲೇ ನನಗೆ ಸುಡೊ ಬೇಕಿರಲಿಲ್ಲ. ಆದರೆ ಡೆಸ್ಕ್‌ಟಾಪ್ ಮೇಲೆ ಆ ಲಾಂಚರ್ ಕೂತಿತ್ತಲ್ಲ, ನಾನು ಒತ್ತುತ್ತಿದ್ದದ್ದೇ ಅದನ್ನು.

ಹಾಗಾಗಿ ನೀವು ಸುಡೊ ಹಾಕಿ ಓಡಿಸಿದ್ದರೆ ಅದನ್ನು ಮುಚ್ಚಿ. ರಿಸೀವರ್ ಕಿತ್ತು ಮತ್ತೆ ಚುಚ್ಚಿ. ಮೆನುವಿನಿಂದ ಸುಮ್ನೆ ಸೊಲಾರ್ ತೆರೆದು ಅಲ್ಲಿ ಬದಲಿಸಿ. ಲಾಗಿನ್ ಆದಾಗ ಅದು ತಾನಾಗಿ ಶುರುವಾಗುತ್ತಿದೆಯೇ ಅಂತ ಸ್ಟಾರ್ಟಪ್ ಪಟ್ಟಿಯಲ್ಲಿ ನೋಡಿ. ಪಿಪ್ (ಪೈಥಾನ್ ತಂತ್ರಾಂಶ ಹಾಕುವ ಸಾಧನ) ಮೂಲಕ ಹಾಕಿಕೊಂಡಿದ್ದರೆ ಯುಡೆವ್ ಫೈಲನ್ನು ನೀವೇ ಸೇರಿಸಬೇಕಾಗುತ್ತದೆ, ಅದಕ್ಕಿಂತ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರಿನಿಂದ ಹಾಕುವುದೇ ವಾಸಿ.

ಡಿಸ್ಟ್ರೋ ಬಗ್ಗೆ ಕೇಳಿದ್ದು ಬಿಟ್ಟುಬಿಡಿ. ಲಾಜಿಟೆಕ್‌ನ ಯೂನಿಫೈಯಿಂಗ್ ಎಂಬ ರಿಸೀವರಿನ ಡ್ರೈವರ್ ಇರುವುದು ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ, 2012ರ ಜನವರಿಯಲ್ಲಿ ಬಂದ 3.2ರಿಂದಲೂ ಇದೆ. ಉಬುಂಟು, ಫೆಡೋರಾ, ಮಿಂಟ್ ಎಲ್ಲದರಲ್ಲೂ ಅದೇ ಡ್ರೈವರ್, ಅದೇ ಸೊಲಾರ್. ಬ್ಯಾಟರಿ ಮಟ್ಟ ತೋರಿಸುವ ಕೆಲಸವನ್ನಂತೂ ಎಷ್ಟೋ ಮಾದರಿಗಳಲ್ಲಿ ಕರ್ನಲ್ಲೇ ಮಾಡುತ್ತದೆ, ಪವರ್ ಸೆಟ್ಟಿಂಗ್ಸ್‌ನಲ್ಲಿ ನೋಡಿ. ನಿಮ್ಮದು 2021ರಲ್ಲಿ ಬಂದ ಬೋಲ್ಟ್ ರಿಸೀವರ್ ಆಗಿದ್ದರೂ ಸೊಲಾರ್ ಸಾಕು, ಹೊಸ ಆವೃತ್ತಿ ಇರಲಿ. ಆದರೆ ಬೋಲ್ಟ್ ಕೀಬೋರ್ಡ್ ಯೂನಿಫೈಯಿಂಗ್ ರಿಸೀವರಿಗೆ ಜೋಡಿಯಾಗುವುದಿಲ್ಲ, ಸುಮ್ನೆ ಒದ್ದಾಡಬೇಡಿ.

ಬೇರೆ ಕಂಪನಿಯ ಡಾಂಗಲ್ ಇದ್ದರೆ ಈ ಕತೆಯೇ ಬೇರೆ. ಅಲ್ಲಿ ಸೊಲಾರ್ ನಡೆಯುವುದಿಲ್ಲ. ಎಷ್ಟೋ ಕೀಬೋರ್ಡುಗಳಲ್ಲಿ ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿದರೆ ಲಾಕ್ ಆಗುತ್ತದೆ, ಡಬ್ಬಿಯೊಳಗಿನ ಚೀಟಿ ಓದಿ. ಕೆಲವು ಮೆಕ್ಯಾನಿಕಲ್ ಕೀಬೋರ್ಡುಗಳು ತಾವು ಆಪಲ್‌ನವು ಅಂತ ಹೇಳಿಕೊಳ್ಳುತ್ತವೆ, ಅವಕ್ಕೆ ಕರ್ನಲ್‌ನ ಎಚ್‌ಐಡಿ ಆಪಲ್ ಮಾಡ್ಯೂಲಿನ ಎಫ್‌ಎನ್‌ಮೋಡ್ ಎಂಬ ಸೆಟ್ಟಿಂಗನ್ನು 2 ಮಾಡಬೇಕು. ಯಾವುದಾದರೂ ಕೀ ಸತ್ತಿದೆ ಅಂತ, ಒತ್ತಿದ ಕೀ ತೋರಿಸುವ ಎಕ್ಸ್‌ಇವಿ ಒಂದನ್ನೇ ನೋಡಿ ತೀರ್ಪು ಕೊಡಬೇಡಿ. ಪರದೆ ನಡೆಸುವ ಎಕ್ಸ್ ವ್ಯವಸ್ಥೆಗೆ 255ರ ಮೇಲಿನ ಕೀಕೋಡ್ ಕಾಣುವುದಿಲ್ಲ. ಕರ್ನಲ್‌ನಿಂದಲೇ ನೇರವಾಗಿ ಓದುವ ಇವಿಟೆಸ್ಟ್ ಹಾಕಿ ನೋಡಿ, ಅಲ್ಲೂ ಏನೂ ಬರದಿದ್ದರೆ ಆಗ ಕೀಬೋರ್ಡಿನ ಮೇಲೆ ಅನುಮಾನ ಪಡಿ.

ಬ್ಲೂಟೂತ್ ಕೀಬೋರ್ಡ್ ಕೊಳ್ಳಲಾ ಅಂದರೆ ನನ್ನ ಮಾತು ಕೇಳಿ, ಡೆಸ್ಕ್‌ಟಾಪಿಗೆ ಬೇಡ. ನನ್ನ ಮಷೀನಿನ ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ಬರುವ ಸೆಟ್ಟಿಂಗ್ ಪರದೆ) ಅದು ಕೆಲಸಕ್ಕೇ ಬರಲಿಲ್ಲ, ಹಳೆಯ ವೈರ್ ಕೀಬೋರ್ಡ್ ಹುಡುಕಿ ಚುಚ್ಚಬೇಕಾಯಿತು. ಡಾಂಗಲ್ ಆದರೆ ಬಯಾಸ್‌ಗೆ ಮಾಮೂಲಿ ಯುಎಸ್‌ಬಿ ಕೀಬೋರ್ಡ್ ಹಾಗೇ ಕಾಣುತ್ತದೆ.

ಅಳಿಯನ ಕೈಕಾಲು ಹಿಡಿದು ಆ ಕೀಬೋರ್ಡ್ ವಾಪಸ್ ತಗೊಂಡೆ, ಬದಲಿಗೆ ಬ್ಲೂಟೂತಿನದು ಕೊಟ್ಟೆ. ಈಗ ಅದರ ಕ್ಯಾಲ್ಕುಲೇಟರ್ ಕೀ ಕನ್ನಡ-ಇಂಗ್ಲಿಷ್ ಬದಲಿಸುತ್ತದೆ. ಸೊಲಾರ್‌ನಲ್ಲಿ ಆ ಕೀಯನ್ನು ಡೈವರ್ಟ್ ಮಾಡಿ (ಅದರ ಸಂಕೇತ ಸೊಲಾರ್‌ಗೆ ಬರುವ ಹಾಗೆ ತಿರುಗಿಸಿ), ಅದು ಒತ್ತಿದಾಗ ಸೂಪರ್ (ವಿಂಡೋಸ್ ಕೀ) ಮತ್ತು ಸ್ಪೇಸ್ ಕಳಿಸುವ ಒಂದು ರೂಲ್ ಬರೆದಿದ್ದೇನೆ, ಟೈಪಿಂಗ್ ಭಾಷೆ ಬದಲಿಸುವ ಐಬಸ್ ಉಳಿದದ್ದು ನೋಡಿಕೊಳ್ಳುತ್ತದೆ. ನಿಮ್ಮ ಮಾದರಿಯಲ್ಲಿ ಡೈವರ್ಟ್ ಪಟ್ಟಿಯಲ್ಲಿ ಯಾವ ಕೀಗಳಿವೆಯೋ ಅವುಗಳಿಗೆ ಮಾತ್ರ ಇದು ಆಗುತ್ತದೆ. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಎಕ್ಸ್ ಮೇಲೆ ಓಡುತ್ತಿದ್ದರೆ ಸಲೀಸು. ಎಕ್ಸ್ ಬದಲಿಗೆ ಬಂದ ವೇಲ್ಯಾಂಡ್ ಆದರೆ, ಕೀ ಒತ್ತಿದ ಹಾಗೆ ಕಳಿಸುವ ಯುಇನ್‌ಪುಟ್‌ಗೆ ಬೇರೆ ಅನುಮತಿ ಬೇಕು, ಅದನ್ನೂ ಯುಡೆವ್ ನಿಯಮದಿಂದಲೇ ಕೊಡಿ, ಸುಡೊ ಹಾಕಿ ಅಲ್ಲ.