‘ಕೆಂಪಿಗೆ ಹಳದಿ ತಾಗಿದರೆ ವಿಷ, ಕಪ್ಪು ತಾಗಿದರೆ ಭಯವಿಲ್ಲ’ ಎಂಬ ಸೂತ್ರ ಅಮೆಜಾನ್‌ನ ಹವಳದ ಹಾವಿಗೂ (ಮೈಮೇಲೆ ಬಣ್ಣದ ಉಂಗುರಗಳಿರುವ ವಿಷದ ಹಾವು) ಸರಿಯೇ?

ಇಲ್ಲ, ನಂಬಿದರೆ ಜೀವಕ್ಕೇ ಕುತ್ತು. ಅದು ಅಮೆರಿಕ ಸಂಯುಕ್ತ ಸಂಸ್ಥಾನದ ಹವಳದ ಹಾವುಗಳನ್ನು ನೋಡಿ ಕಟ್ಟಿದ್ದು. ಅಮೆಜಾನ್ ಕಾಡಿನ ಮೈಕ್ರುರಸ್ ಲೆಮ್ನಿಸ್ಕೇಟಸ್ ಎಂಬ ಹವಳದ ಹಾವಿನಲ್ಲಿ ಎರಡು ಕೆಂಪು ಪಟ್ಟೆಗಳ ನಡುವೆ 3 ಕಪ್ಪು ಉಂಗುರ, ಅವುಗಳ ಮಧ್ಯೆ 2 ಬಿಳಿ ಅಥವಾ ತಿಳಿಹಳದಿ ಉಂಗುರ ಇರುತ್ತವೆ. ಅಂದರೆ ಕೆಂಪಿಗೆ ತಾಗುವುದು ಕಪ್ಪೇ. ಸೂತ್ರದ ಲೆಕ್ಕದಲ್ಲಿ ಇದು ಸಾಧು ಹಾವು!

ಕಡಿದ ಜಾಗ ಅಷ್ಟಾಗಿ ಊದುವುದಿಲ್ಲ, ಅದಕ್ಕೇ ಜನ ಉದಾಸೀನ ಮಾಡುತ್ತಾರೆ. ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ತಡೆಯುತ್ತದೆ: ರೆಪ್ಪೆ ಜೋತುಬೀಳುತ್ತದೆ, ಎಂಜಲು ನುಂಗಲಾಗುವುದಿಲ್ಲ, ಕೊನೆಗೆ ಉಸಿರಾಟ ನಿಲ್ಲಬಹುದು. ಲಕ್ಷಣಗಳು ಕೆಲವು ಗಂಟೆ ತಡವಾಗಿಯೂ ಬರುತ್ತವೆ. ಕೊಯ್ಯಬೇಡಿ, ಹೀರಬೇಡಿ, ಕಡಿದ ಅಂಗ ಅಲುಗಿಸದೆ ವೆಂಟಿಲೇಟರ್ ಇರುವ ಆಸ್ಪತ್ರೆಗೆ ಸಾಗಿಸಿ. ಬ್ರೆಜಿಲ್‌ನಲ್ಲಿ ಜರಾರಾಕಾ ಎಂಬ ಇನ್ನೊಂದು ವಿಷದ ಹಾವು ಕಡಿದಾಗ ಕೊಡುವ ಪ್ರತಿವಿಷ ಇದಕ್ಕೆ ನಾಟದು, ಹವಳದ ಹಾವಿನದೇ ಬೇಕು.