ಒಂದೇ ಡಬ್ಬಿಯಲ್ಲಿ ಹಲವು ಆಟಗಳು

ಮಾನ್ಯರೇ, ಮಳೆಗಾಲದಲ್ಲಿ ಮಕ್ಕಳಿಗಾಗಿ ಒಂದೇ ಡಬ್ಬಿಯ ಸಾಮಾನಿನಿಂದ ಹಲವು ಆಟಗಳನ್ನು ಕಟ್ಟುವುದು ಹೇಗೆಂದು ತಾವು ಕೇಳಿದ್ದೀರಿ. ಸಾಗರದ ನಮ್ಮ ಮನೆಯ ಡಬ್ಬಿಯಲ್ಲಿರುವುದು 60 ಹುಣಿಸೆ ಬೀಜ, ನಾಲ್ಕು ಬಣ್ಣಗಳ 16 ಅಂಗಿಗುಂಡಿ ಮತ್ತು ಸೀಮೆಸುಣ್ಣ. ನಾಲ್ಕು ಬೀಜಗಳನ್ನು ಒಂದು ಬದಿ ಬೆಳ್ಳಗಾಗುವವರೆಗೆ ಜಗುಲಿಯ ಕಲ್ಲಿಗೆ ಉಜ್ಜಿಕೊಂಡರೆ ಅವೇ ಕವಡೆಗಳಾಗುತ್ತವೆ. ನಾಲ್ಕೂ ಬೆಳ್ಳಗೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು ಎಂದೆಣಿಸಿ, 25 ಮನೆಗಳ ಚೌಕಾಬಾರ ಆಡಬಹುದು. ಉಳಿದ 56 ಬೀಜಗಳು ಚೆನ್ನೆಮಣೆಯ 14 ಗುಳಿಗಳಿಗೆ ನಾಲ್ಕರಂತೆ ಸರಿಯಾಗುತ್ತವೆ. ಹುಲಿ-ಕುರಿ ಆಟಕ್ಕೆ ಅವುಗಳಲ್ಲೇ 15 ಕುರಿಗಳು, ಅಂಗಿಗುಂಡಿಗಳಲ್ಲಿ ಮೂರು ಹುಲಿಗಳು ಸಿಗುತ್ತವೆ. (ಗುಲಗಂಜಿ ಚೆಂದವಾದರೂ ವಿಷ, ಮಕ್ಕಳ ಕೈಗೆ ಬೇಡ.) ಹೊಸ ಆಟ ಕಟ್ಟುವಾಗ ಒಮ್ಮೆಗೆ ಒಂದೇ ನಿಯಮ ಬದಲಿಸಿ, ನಾವು ಒಟ್ಟಿಗೆ ಮೂರನ್ನು ಬದಲಿಸಿ, ಆಟ ಕೆಟ್ಟದ್ದು ಯಾವುದರಿಂದ ಎಂದು ತಿಳಿಯದೆ ಕುಳಿತಿದ್ದೆವು.